ಸಂತೆಬೀದಿಯಲ್ಲಿ ಕಾದು ನಿಂತವರು

(ದೇವಾಲಯದ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ‘ಕೃತಕ ಬುದ್ಧಿಮತ್ತೆ ಮತ್ತು ಮಾನವನ ದುಡಿಮೆ’ ಎಂಬ ವಿಷಯವಾಗಿ ಮಾಡಿದ ಭಾಷಣದ ಪಠ್ಯ)



ನೂರು ವರ್ಷ ತುಂಬಿದ ಸಂದರ್ಭದಲ್ಲಿ ಹಿಂದಿನದನ್ನು ನೆನೆಯುವುದು ವಾಡಿಕೆ. ಅಡಿಗಲ್ಲನ್ನಿಟ್ಟವರು ಯಾರು, ಗೋಪುರದ ಗಂಟೆ ಎಲ್ಲಿಂದ ಬಂತು, ಯಾವ ಗುರುಗಳ ಕಾಲದಲ್ಲಿ ಶಾಲೆ ಆರಂಭವಾಯಿತು ಎಂಬುದನ್ನೆಲ್ಲ ಬಲ್ಲ ಹಿರಿಯರು ನನಗಿಂತ ಮೊದಲು ಇಲ್ಲಿ ಮಾತನಾಡಿದ್ದಾರೆ. ನನಗೆ ವಹಿಸಿದ ವಿಷಯವಾದರೋ ಇನ್ನೂ ಪೂರ್ತಿಯಾಗಿ ಬಾರದಿರುವುದನ್ನು ಕುರಿತದ್ದು. ಕೃತಕ ಬುದ್ಧಿಮತ್ತೆ ಎಂದು ಕರೆಯಲ್ಪಡುವ ಹೊಸ ಶಕ್ತಿ ನಮ್ಮ ದುಡಿಮೆಯನ್ನೂ ಸಮಾಜವನ್ನೂ ಎತ್ತ ಕೊಂಡೊಯ್ಯಬಹುದು ಎಂಬ ಪ್ರಶ್ನೆ ಅದು. ದೇವಾಲಯದ ಹಬ್ಬದಲ್ಲಿ ಇದೇಕೆ ಎಂದು ಕೆಲವರಿಗಾದರೂ ಅನ್ನಿಸಿರಬಹುದು. ಆದರೆ ಯಂತ್ರ ಮತ್ತು ದುಡಿಮೆಯ ಪ್ರಶ್ನೆ ಧರ್ಮಸಭೆಗೆ ಹೊಸದಲ್ಲ. ನಮ್ಮ ಈ ಕರಾವಳಿಗಂತೂ ಖಂಡಿತ ಹೊಸದಲ್ಲ.

ಜಗದ್ಗುರು ಹದಿಮೂರನೆಯ ಲಿಯೋ ಅವರ ಹೆಸರು ಮಂಗಳೂರಿನ ಕಥೋಲಿಕರಿಗೆ ಪರಿಚಿತವೇ. 1878ರಲ್ಲಿ ಅವರು ಪೀಠವೇರಿದ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದರು. 1887ರಲ್ಲಿ ಮಂಗಳೂರು ಧರ್ಮಪ್ರಾಂತ್ಯವಾಯಿತು. ಅದಾದ ನಾಲ್ಕು ವರ್ಷಗಳಿಗೆ, 1891ರ ಮೇ 15ರಂದು, ಅದೇ ಜಗದ್ಗುರುಗಳು ‘ರೇರುಂ ನೊವಾರುಂ’ ಎಂಬ ವಿಶ್ವ ಪರಿಪತ್ರವನ್ನು ಹೊರಡಿಸಿದರು. ಯೂರೋಪಿನ ನಗರಗಳಲ್ಲಿ ಆಗ ಹೊಗೆಕೊಳವೆಗಳು ಎದ್ದಿದ್ದವು. ಹಳ್ಳಿ ಬಿಟ್ಟು ಬಂದ ಜನ ಹಗಲಿರುಳೆನ್ನದೆ ದುಡಿದೂ ಹಸಿದಿದ್ದರು. ಕೂಲಿ ಎಂಬುದು ಧಣಿ ಮತ್ತು ಆಳು ಒಪ್ಪಿಕೊಂಡ ಬರಿಯ ವ್ಯಾಪಾರವಲ್ಲ, ದುಡಿಯುವವನ ಸಂಸಾರ ಮರ್ಯಾದೆಯಿಂದ ಬದುಕುವಷ್ಟು ಅದು ಇರಬೇಕು. ಕಾರ್ಮಿಕರಿಗೆ ಸಂಘ ಕಟ್ಟಿಕೊಳ್ಳುವ ಹಕ್ಕಿದೆ. ವಿಶ್ರಾಂತಿಯ ದಿನವನ್ನು ಯಾವ ಧಣಿಯೂ ಕಸಿಯಕೂಡದು – ಇವು ಅಂದು ಅವರು ಎತ್ತಿಹಿಡಿದ ಮಾತುಗಳು. ಇಂದು ಇವು ಸಾಮಾನ್ಯವೆಂದು ಕಾಣುತ್ತವೆ. ಅಂದು ಎಷ್ಟೋ ಮಂದಿ ಭಕ್ತ ಧನಿಕರೇ ಹುಬ್ಬು ಗಂಟಿಕ್ಕಿದ್ದರು.

2025ರ ಮೇ 8ರಂದು ಚುನಾಯಿತರಾದ ಇಂದಿನ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಧರಿಸಿದರು. ಎರಡು ದಿನಗಳ ಬಳಿಕ ಕಾರ್ಡಿನಲರ ಮುಂದೆ ಅದರ ಕಾರಣವನ್ನು ತಾವೇ ವಿವರಿಸಿದರು: ಹದಿಮೂರನೆಯ ಲಿಯೋ ಮೊದಲ ದೊಡ್ಡ ಔದ್ಯೋಗಿಕ ಕ್ರಾಂತಿಯನ್ನು ಎದುರಿಸಿದಂತೆ, ಇಂದು ಕೃತಕ ಬುದ್ಧಿಮತ್ತೆಯಿಂದ ಮತ್ತೊಂದು ಕ್ರಾಂತಿ ಬಂದಿದೆ, ಮಾನವನ ಘನತೆ, ನ್ಯಾಯ, ದುಡಿಮೆ ಇವುಗಳ ರಕ್ಷಣೆಗೆ ಧರ್ಮಸಭೆ ಮಾತನಾಡಲೇಬೇಕಾಗಿದೆ ಎಂಬುದು ಅವರ ಮಾತಿನ ಸಾರ. ಜಗದ್ಗುರುಗಳು ತಮ್ಮ ಹೆಸರಿನಲ್ಲಿಯೇ ಹೊತ್ತುಕೊಂಡಿರುವ ಪ್ರಶ್ನೆಯನ್ನು ನಮ್ಮ ಧರ್ಮಕೇಂದ್ರ ಒಂದು ಸಂಜೆ ಯೋಚಿಸುವುದು ಅಧಿಕವೇನಲ್ಲ.

ಇನ್ನು ಈ ಯಂತ್ರವೆಂದರೇನು? ‘ಕೃತಕ ಬುದ್ಧಿಮತ್ತೆ’ ಎಂಬ ಹೆಸರು ಚಲಾವಣೆಗೆ ಬಂದದ್ದು 1956ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ನಡೆದ ಒಂದು ಬೇಸಿಗೆ ಸಮಾವೇಶದಿಂದ. ಬಹುಕಾಲ ಅದು ವಿದ್ವಾಂಸರ ಕೊಠಡಿಯೊಳಗಿನ ಮಾತಾಗಿತ್ತು. 1997ರಲ್ಲಿ ಗಣಕಯಂತ್ರವೊಂದು ಚದುರಂಗದ ವಿಶ್ವವಿಜೇತ ಕಾಸ್ಪರೋವ್ ಅವರನ್ನು ಸೋಲಿಸಿದಾಗ ಜನ ಬೆರಗಾಗಿ ಮರುದಿನ ಮರೆತರು. 2022ರ ನವೆಂಬರ್ 30ರಂದು ‘ಚಾಟ್ ಜಿಪಿಟಿ’ ಸಾರ್ವಜನಿಕರ ಕೈಗೆ ಬಂದ ಮೇಲೆ ಮರೆಯುವಂತಿರಲಿಲ್ಲ. ಪ್ರಶ್ನೆ ಕೇಳಿದರೆ ಉತ್ತರಿಸುವ, ಪತ್ರ ಬರೆಯುವ, ಅನುವಾದಿಸುವ, ಗಣಕಯಂತ್ರಕ್ಕೆ ಬೇಕಾದ ಆಜ್ಞಾವಳಿಯನ್ನೂ ರಚಿಸಿಕೊಡುವ ಯಂತ್ರ ಅದು, ಕನ್ನಡವನ್ನೂ ಬರೆಯುತ್ತದೆ. ಅದರ ಒಳಗುಟ್ಟನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಅಪಾರ ಪ್ರಮಾಣದ ಬರಹಗಳನ್ನು ಯಂತ್ರಕ್ಕೆ ಉಣಿಸಿ, ಇಷ್ಟು ಪದಗಳ ಬಳಿಕ ಯಾವ ಪದ ಬರುವುದು ಸಂಭವ ಎಂದು ಊಹಿಸಲು ಕಲಿಸುತ್ತಾರೆ. ಊಹೆ ತಪ್ಪಿದಾಗಲೆಲ್ಲ ಒಳಗಿನ ಲೆಕ್ಕಾಚಾರವನ್ನು ತುಸು ತಿದ್ದುತ್ತಾರೆ. ಕೋಟ್ಯಂತರ ಸಲ ಹೀಗೆ ತಿದ್ದಿದ ಮೇಲೆ ಅದು ನುಡಿಯ ಹದವನ್ನು ಹಿಡಿಯುತ್ತದೆ. ಜಪಸರ ಪ್ರಾರ್ಥನೆಯಲ್ಲಿ ಮುಂದಾಳು ಮೊದಲ ಅರ್ಧವನ್ನು ಹೇಳಿದೊಡನೆ ಉಳಿದರ್ಧ ನಮ್ಮ ಬಾಯಿಗೆ ತಾನಾಗಿ ಬರುತ್ತದಲ್ಲವೇ, ಮನಸ್ಸು ಆಗ ಅಡುಗೆಮನೆಯ ಮೀನಿನ ಮೇಲಿದ್ದರೂ? ಆ ಬಗೆಯ ಅಭ್ಯಾಸಬಲವನ್ನು ಊಹೆಗೂ ನಿಲುಕದಷ್ಟು ಹಿಗ್ಗಿಸಿದರೆ ಏನಾದೀತೋ ಅದರ ಹತ್ತಿರದ್ದು ಈ ಯಂತ್ರ. ಆದುದರಿಂದಲೇ ಅದು ಕೆಲವೊಮ್ಮೆ ಇಲ್ಲದ ಸಂಗತಿಯನ್ನು ಇದ್ದಂತೆ, ಎಳ್ಳಷ್ಟೂ ಅಳುಕಿಲ್ಲದೆ ಹೇಳಿಬಿಡುತ್ತದೆ.

ಅದು ನಿಜವಾಗಿ ಯೋಚಿಸುತ್ತದೆಯೇ, ಅದಕ್ಕೆ ಆತ್ಮವಿದೆಯೇ ಎಂಬ ಚರ್ಚೆಗೆ ನಾನು ಇಳಿಯಲಾರೆ. 2025ರ ಜನವರಿ 28ರಂದು ವ್ಯಾಟಿಕನ್ನಿನ ಎರಡು ಇಲಾಖೆಗಳು ಒಟ್ಟಾಗಿ ಪ್ರಕಟಿಸಿದ ‘ಆಂತಿಕ್ವಾ ಎತ್ ನೋವಾ’ ಎಂಬ ಟಿಪ್ಪಣಿ ಇದಕ್ಕೆ ಸಾಕಷ್ಟು ಸ್ಪಷ್ಟವಾಗಿ ಉತ್ತರಿಸಿದೆ: ಈ ಯಂತ್ರವನ್ನು ಮಾನವ ಬುದ್ಧಿಯ ಇನ್ನೊಂದು ರೂಪವೆಂದು ನೋಡಬಾರದು, ಮಾನವ ಬುದ್ಧಿ ಹೆತ್ತ ಕೃತಿಯೆಂದು ನೋಡಬೇಕು. ಅಷ್ಟು ಸಾಕು. ಈ ಕೃತಿಯಿಂದ ಒಳಿತಾಗುತ್ತಿಲ್ಲವೆಂದೂ ನಾನು ಹೇಳುವವನಲ್ಲ. ಜೀವಕೋಶಗಳಲ್ಲಿನ ಪ್ರೋಟೀನುಗಳ ಆಕಾರವನ್ನು ಮುಂಗಾಣುವ ಯಂತ್ರವನ್ನು ರೂಪಿಸಿದವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಮುಂದಿನ ಔಷಧಗಳಿಗೆ ಅದು ದಾರಿ. ಕಣ್ಣು ಕಾಣದವರಿಗೆ ಪುಸ್ತಕವನ್ನು ಓದಿ ಹೇಳುವ, ಎದುರಿಗಿರುವುದನ್ನು ವರ್ಣಿಸುವ ಉಪಕರಣ ಇಂದು ಅಂಗೈಯಲ್ಲಿದೆ. ನನ್ನ ಚಿಂತೆ ಬೇರೆ. ಅದನ್ನು ಹೇಳಲು ನಮ್ಮ ಊರಿನ ಕಡೆಗೇ ತಿರುಗಬೇಕು.

1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಮೂರು ವರ್ಷಗಳ ಬಳಿಕ, 1868ರಲ್ಲಿ, ನಮ್ಮ ಸಮುದಾಯದವರೇ ಆದ ಪಾಸ್ಕಲ್ ಅಲ್ಬುಕರ್ಕರು ಪಾಣೆಮಂಗಳೂರಿನಲ್ಲಿ ಮತ್ತೊಂದನ್ನು ತೆರೆದರು. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು, ಮಲೆನಾಡಿನಿಂದ ಬರುವ ಸೌದೆ, ನದಿಯಲ್ಲಿ ದೋಣಿಯ ಸಾಗಾಟ – ಎಲ್ಲವೂ ಒದಗಿ ಬಂದು ಮಂಗಳೂರು ಹೆಂಚು ಕಡಲಾಚೆಗೂ ಹೋಯಿತು. ಅಚ್ಚಿನಲ್ಲಿ ಒತ್ತಿದ, ಒಂದಕ್ಕೊಂದು ಕೊಂಡಿಯಂತೆ ಕೂರುವ ಆ ಹೆಂಚಿನ ಮುಂದೆ ಕುಂಬಾರನು ಕೈಯಿಂದ ಮಾಡಿದ ನಾಡಹೆಂಚು ನಿಲ್ಲಲಿಲ್ಲ. ಕಾರ್ಖಾನೆಯ ಇತಿಹಾಸವನ್ನು ಬರೆದವರಿದ್ದಾರೆ; ಕೆಲಸ ಕಳೆದುಕೊಂಡ ಕುಂಬಾರನ ಹೆಸರನ್ನು ಬರೆದಿಟ್ಟವರು ಕಡಿಮೆ. ಆದರೂ ಒಂದು ಮಾತನ್ನು ಒಪ್ಪಬೇಕು. ಒಂದು ಬಾಗಿಲು ಮುಚ್ಚಿದ ಯಂತ್ರವೇ ಇನ್ನೊಂದನ್ನು ತೆರೆಯಿತು. ಮಣ್ಣು ಹದಮಾಡಲು, ಹಸಿ ಹೆಂಚನ್ನು ಹೊರಲು, ಗೂಡಿಗೆ ಬೆಂಕಿಯಿಡಲು ನೂರಾರು ಕೈಗಳು ಬೇಕಾದವು. ಅವುಗಳಲ್ಲಿ ಹೆಂಗಸರ ಕೈಗಳೂ ಬಹಳ. ಮುಂದೆ ಕಾಂಕ್ರೀಟಿನ ತಾರಸಿ ಬಂದು ಹೆಂಚಿನ ಕಾರ್ಖಾನೆಗಳೂ ಒಂದೊಂದಾಗಿ ಮುಚ್ಚತೊಡಗಿದಾಗ, ಹೆಂಚು ಹೊತ್ತವರ ಮಕ್ಕಳು ಶಾಲೆ ಕಲಿತಾಗಿತ್ತು. ಅವರು ಗುಮಾಸ್ತರಾದರು, ಬೆರಳಚ್ಚುಗಾರರಾದರು, ಮುಂಬಯಿಗೂ ಕೊಲ್ಲಿಯ ನಾಡುಗಳಿಗೂ ಹೋದರು.

ಈ ಜಿಲ್ಲೆಗಳು ಬ್ಯಾಂಕುಗಳ ತವರೆಂದು ಹೆಸರಾದುವು. 1906ರಿಂದ 1931ರ ತನಕದ 25 ವರ್ಷಗಳಲ್ಲಿ ಇಲ್ಲಿ ಹುಟ್ಟಿದ ಐದು ಬ್ಯಾಂಕುಗಳು ದೇಶದಾದ್ಯಂತ ಹರಡಿದುವು. 1912ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮದೇ ಸಹಕಾರಿ ಬ್ಯಾಂಕನ್ನೂ ಕಟ್ಟಿದರು. ಹತ್ತನೆಯ ತರಗತಿ ಮುಗಿಸಿ, ಟೈಪಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಬ್ಯಾಂಕಿನ ಲಿಖಿತ ಪರೀಕ್ಷೆಗೆ ಕೂರುವುದೆಂದರೆ ಒಂದು ಕಾಲದಲ್ಲಿ ನಮ್ಮ ಮನೆಗಳ ಏಕೈಕ ಕನಸಾಗಿತ್ತು. ನಾನೂ ಆ ಕನಸಿನ ಫಲವನ್ನು ಉಂಡವನೇ. ಬ್ಯಾಂಕಿನ ಮೇಜಿನ ಹಿಂದೆ ಆಯುಷ್ಯದ ಬಹುಭಾಗವನ್ನು ಕಳೆದವನು. ಆದುದರಿಂದ ಅಲ್ಲಿ ನಡೆದದ್ದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಲು ಅಪ್ಪಣೆಯಿರಲಿ.

ನಾವು ಸೇರಿದಾಗ ಲೆಕ್ಕವೆಲ್ಲ ಕೈಬರಹದ್ದು. ತೊಡೆಯಷ್ಟು ದಪ್ಪದ ಲೆಡ್ಜರು, ಜೂನ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಬಡ್ಡಿಯ ಲೆಕ್ಕ, ಒಂದು ರೂಪಾಯಿ ತಾಳೆಯಾಗದಿದ್ದರೆ ನಡುರಾತ್ರಿಯ ತನಕ ಹುಡುಕಾಟ. ಬೇಸರದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಹುಡುಕಾಟದಲ್ಲೇ ಹೊಸಬನು ವ್ಯವಹಾರದ ಒಳಹೊರಗನ್ನು ಕಲಿಯುತ್ತಿದ್ದ. ಯಾವ ವ್ಯಾಪಾರಿಯ ಖಾತೆ ಮಳೆಗಾಲದಲ್ಲಿ ಬತ್ತುತ್ತದೆ, ಯಾರ ಸಹಿ ಕೈನಡುಕದಿಂದ ಬದಲಾಗಿದೆ, ಯಾವ ಅಂಕೆ ನಂಬಲು ಅರ್ಹವಲ್ಲ ಎಂಬುದು ಅವನ ಬೆರಳುಗಳಿಗೆ ಗೊತ್ತಾಗುತ್ತಿತ್ತು. 1983ರಲ್ಲಿ ಬ್ಯಾಂಕುಗಳ ಆಡಳಿತಕ್ಕೂ ನೌಕರರ ಸಂಘಗಳಿಗೂ ಯಂತ್ರೀಕರಣದ ಬಗೆಗೆ ಒಪ್ಪಂದವಾಯಿತು. 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂತು. ಅದಕ್ಕೆ ಹಿಂದುಮುಂದಿನ ದಿನಗಳಲ್ಲಿ ಸಭೆಗಳು, ಬಿತ್ತಿಪತ್ರಗಳು, ಘೋಷಣೆಗಳು ಎಷ್ಟೆಂದು ಹೇಳಲಿ! ಗಣಕಯಂತ್ರ ಬಂದರೆ ನಾಳೆಯೇ ನಮ್ಮನ್ನು ಮನೆಗೆ ಕಳಿಸುತ್ತಾರೆಂಬುದು ಎಲ್ಲರ ಭಯವಾಗಿತ್ತು.

ಯಾರನ್ನೂ ಮರುದಿನ ಮನೆಗೆ ಕಳಿಸಲಿಲ್ಲ. ಸಂಘ ಬಲವಾಗಿತ್ತು, ಒಪ್ಪಂದ ಬರಹದಲ್ಲಿತ್ತು. 2000–2001ರಲ್ಲಿ ಸ್ವಯಂನಿವೃತ್ತಿಯ ಯೋಜನೆ ಬಂದು ದೇಶದಲ್ಲಿ ಲಕ್ಷದ ಆಸುಪಾಸಿನಷ್ಟು ಬ್ಯಾಂಕ್ ನೌಕರರು ಹೊರನಡೆದಾಗಲೂ ಅವರು ಬರಿಗೈಯಲ್ಲಿ ಹೋಗಲಿಲ್ಲ. ಆದರೆ ಅದೇ ಕಾಲದಲ್ಲಿ ಬ್ಯಾಂಕಿಂಗ್ ಸೇವಾ ನೇಮಕಾತಿ ಮಂಡಳಿಗಳನ್ನು ಮುಚ್ಚಿದರು; ಕೆಲವು ವರ್ಷಗಳ ಕಾಲ ಗುಮಾಸ್ತರ ನೇಮಕ ಬಹುಮಟ್ಟಿಗೆ ನಿಂತೇಹೋಯಿತು. ಆಗ ಇಪ್ಪತ್ತರ ವಯಸ್ಸಿನಲ್ಲಿದ್ದವರು ಬಾಗಿಲು ತೆರೆದೀತೆಂದು ಕಾದರು. ಅವರ ವಯಸ್ಸು ಮೀರಿತು. ಅವರ ಪರವಾಗಿ ಯಾವ ಘೋಷಣೆಯೂ ಏಳಲಿಲ್ಲ. ಏಕೆಂದರೆ ಅವರು ಯಾವ ಸಂಘದ ಸದಸ್ಯರೂ ಆಗಿರಲಿಲ್ಲ. ಕೆಲಸಕ್ಕೇ ಸೇರದವನು ಕೆಲಸಗಾರರ ಸಂಘಕ್ಕೆ ಸೇರುವುದೆಂತು?

ಧರ್ಮಬಾಂಧವರೇ, ನಾನು ಇಂದು ಹೇಳಬೇಕೆಂದು ಬಂದದ್ದು ಇದನ್ನೇ. ಯಂತ್ರವು ಕುರ್ಚಿಯಲ್ಲಿ ಕುಳಿತವನನ್ನು ಎಬ್ಬಿಸಿ ಓಡಿಸುತ್ತದೆಯೆಂದು ನಾವು ಹೆದರುತ್ತೇವೆ. ಹಾಗೆ ನಡೆಯುವುದೂ ಉಂಟು. ಆದರೆ ಹೆಚ್ಚಾಗಿ ಅದು ಬಾಗಿಲ ಹೊರಗೆ ನಿಂತವನ ಮುಂದೆ ಸದ್ದಿಲ್ಲದೆ ಕದವಿಕ್ಕುತ್ತದೆ. ಆ ಸದ್ದು ಒಳಗಿದ್ದವರಿಗೆ ಕೇಳಿಸುವುದಿಲ್ಲ.

ಈ ಬಾರಿ ಅದು ಹೇಗೆ ಎಂಬುದಕ್ಕೆ ಒಂದೆರಡು ಗುರುತುಗಳು ಈಗಲೇ ಕಾಣುತ್ತಿವೆ. 2025ರ ಆಗಸ್ಟಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಆ ದೇಶದ ಸಂಬಳದ ದಾಖಲೆಗಳನ್ನು ಪರಿಶೀಲಿಸಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಸಾಫ್ಟ್‌ವೇರ್ ರಚನೆ, ಗ್ರಾಹಕಸೇವೆ ಮುಂತಾಗಿ ಈ ಯಂತ್ರದ ಪ್ರಭಾವಕ್ಕೆ ಅತಿ ಹೆಚ್ಚು ಒಳಗಾದ ಉದ್ಯೋಗಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ 2022ರ ಕೊನೆಯಿಂದೀಚೆಗೆ, ಇತರರಿಗೆ ಹೋಲಿಸಿದರೆ, ಶೇಕಡಾ 13ರಷ್ಟು ಇಳಿದಿತ್ತು. ಅದೇ ಉದ್ಯೋಗಗಳಲ್ಲಿ ನುರಿತ ಹಿರಿಯರ ಸಂಖ್ಯೆ ಕುಂದಿರಲಿಲ್ಲ. ಇಳಿತಕ್ಕೆ ಬೇರೆ ಕಾರಣಗಳೂ ಇವೆಯೆಂದು ವಾದಿಸುವ ಅರ್ಥಶಾಸ್ತ್ರಜ್ಞರಿದ್ದಾರೆ; ಆ ವಾದ ಮುಗಿದಿಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿಯು 2024ರ ಜನವರಿಯಲ್ಲಿ ಜಗತ್ತಿನ ಉದ್ಯೋಗಗಳಲ್ಲಿ ಸುಮಾರು ಶೇಕಡಾ 40ರಷ್ಟು ಈ ಯಂತ್ರದ ಪ್ರಭಾವಕ್ಕೆ ಒಳಗಾಗಬಹುದೆಂದೂ, ಮುಂದುವರಿದ ದೇಶಗಳಲ್ಲಿ ಅದು ಶೇಕಡಾ 60ರಷ್ಟಿರಬಹುದೆಂದೂ ಅಂದಾಜು ಮಾಡಿತು. ಪ್ರಭಾವಕ್ಕೆ ಒಳಗಾಗುವುದೆಂದರೆ ನಾಶವಾಗುವುದೆಂದೇ ಅಲ್ಲ. ಎಷ್ಟೋ ಕಡೆ ಕೆಲಸ ಹಗುರಾದೀತು.

ಭವಿಷ್ಯವಾಣಿಗಳನ್ನು ನಂಬುವಾಗ ಎಚ್ಚರವೂ ಬೇಕು. ಈ ವಿದ್ಯೆಯ ಪಿತಾಮಹರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್, 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು, 2016ರಲ್ಲಿ ಇನ್ನು ಕ್ಷಕಿರಣ ತಜ್ಞರನ್ನು ತರಬೇತುಗೊಳಿಸುವುದನ್ನೇ ನಿಲ್ಲಿಸಬೇಕು, ಐದು ವರ್ಷಗಳಲ್ಲಿ ಯಂತ್ರ ಅವರನ್ನು ಮೀರಿಸುತ್ತದೆ ಎಂದಿದ್ದರು. ಹತ್ತಿರ ಹತ್ತಿರ ಹತ್ತು ವರ್ಷಗಳಾದರೂ ಆಸ್ಪತ್ರೆಗಳು ಆ ತಜ್ಞರನ್ನು ಹುಡುಕುತ್ತಲೇ ಇವೆ. ಪಂಡಿತರೂ ಜೋಯಿಸರಂತೆ ಮಾತನಾಡುವ ಕಾಲ ಇದು.

ಆದರೂ ಹಿಂದಿನ ಯಂತ್ರಗಳಿಗೂ ಇದಕ್ಕೂ ಇರುವ ಒಂದು ಭೇದವನ್ನು ಮರೆಯುವಂತಿಲ್ಲ. ನಮ್ಮ ಹಿರಿಯರು ಏರಿದ ಏಣಿಯ ದಿಕ್ಕು ಒಂದೇ ಆಗಿತ್ತು: ಮಣ್ಣಿನಿಂದ ಅಕ್ಷರದ ಕಡೆಗೆ. ಅಕ್ಷರ ಕಲಿ, ನಿನಗೆ ಮಣ್ಣು ಹೊರುವ ಪಾಡು ಇರದು ಎಂಬುದು ಧರ್ಮಕೇಂದ್ರದ ಶಾಲೆ ನಮಗೆ ಕೊಟ್ಟ ಮಾತು. ಗುರುಗಳೂ ಧರ್ಮಭಗಿನಿಯರೂ ಆ ಮಾತನ್ನು ಉಳಿಸಿಕೊಂಡರು. ಸಾಲ ಮಾಡಿ, ಅಡಕೆ ತೋಟವನ್ನು ಅಡವಿಟ್ಟು ಮಕ್ಕಳನ್ನು ಇಂಜಿನಿಯರಿಂಗ್ ಓದಿಸಿದ ತಂದೆತಾಯಂದಿರು ಇಲ್ಲಿ ಎಷ್ಟು ಮಂದಿ ಕುಳಿತಿದ್ದೀರಿ! ಈಗ ಯಂತ್ರ ಬಂದಿರುವುದು ಅಕ್ಷರದ ಮೆಟ್ಟಿಲಿಗೇ. ಅದರಲ್ಲೂ ಮೊದಲ ಮೆಟ್ಟಿಲಿಗೆ: ಕರಡು ಬರೆಯುವುದು, ಅಂಕಿಅಂಶ ಜೋಡಿಸುವುದು, ಚಿಕ್ಕಪುಟ್ಟ ಆಜ್ಞಾವಳಿ ರಚಿಸುವುದು, ಪತ್ರಕ್ಕೆ ಉತ್ತರಿಸುವುದು. ಅನುಭವಿಗಳು ಹೊಸಬರ ಮೇಲೆ ಹೊರಿಸುತ್ತಿದ್ದ, ಹೊಸಬರು ಗೊಣಗುತ್ತಲೇ ಕಲಿಯುತ್ತಿದ್ದ ಕೆಲಸಗಳಿವು. ಯಂತ್ರ ಅವನ್ನು ಕ್ಷಣದಲ್ಲಿ ಮುಗಿಸಿದರೆ ಹಿರಿಯನಿಗೆ ಸುಖ, ಕಂಪನಿಗೆ ಲಾಭ. ಆದರೆ ಇಪ್ಪತ್ತು ವರ್ಷಗಳ ಬಳಿಕ ಹಿರಿಯನಾಗಬೇಕಾದವನು ಎಲ್ಲಿ ಕಲಿಯಬೇಕು? ಬಡಗಿಯ ಮನೆಯಲ್ಲಿ ಹುಡುಗನು ಮೊದಲು ಮಾಡುವುದು ಹೊಟ್ಟು ಗುಡಿಸುವ ಕೆಲಸ. ಗುಡಿಸುತ್ತ ಗುಡಿಸುತ್ತ ಅವನು ಮರದ ಎಳೆಯನ್ನು ನೋಡುತ್ತಾನೆ. ನಜರೇತಿನಲ್ಲಿ ಸಂತ ಜೋಸೆಫರ ಕೈಕೆಳಗೆ ನಮ್ಮ ಪ್ರಭುವೂ ಉಳಿಯನ್ನು ಹಿಡಿದದ್ದು ಬಹುಶಃ ಮೊದಲನೆಯ ದಿನವೇ ಅಲ್ಲ.

ಮತ್ತಾಯನ ಶುಭಸಂದೇಶದ 20ನೆಯ ಅಧ್ಯಾಯದಲ್ಲಿ ಬರುವ ದ್ರಾಕ್ಷಾತೋಟದ ಸಾಮತಿಯನ್ನು ತಾವೆಲ್ಲ ಕೇಳಿದ್ದೀರಿ. ತೋಟದ ಯಜಮಾನನು ನಸುಕಿನಲ್ಲಿ ಹೋಗಿ ಆಳುಗಳನ್ನು ಕರೆತಂದ. ಮತ್ತೆ ಒಂಬತ್ತು ಗಂಟೆಗೆ, ನಡುಹಗಲಿಗೆ, ಮೂರು ಗಂಟೆಗೆ ಹೋದ. ಕೊನೆಗೆ ಸಂಜೆ ಐದರ ಸುಮಾರಿಗೂ ಹೋದ. ದಿನವಿಡೀ ಬರಿದೆ ನಿಂತಿರುವಿರೇಕೆಂದು ಆಗ ಅಲ್ಲಿದ್ದವರನ್ನು ಕೇಳಿದರೆ, ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲವೆಂದು ಅವರು ಉತ್ತರಿಸಿದರು. ತಡವಾಗಿ ಮನಸ್ಸು ತಿರುಗಿಸಿಕೊಂಡವರಿಗೂ ದೇವರ ಕೃಪೆ ಪೂರ್ಣವಾಗಿ ದೊರೆಯುತ್ತದೆ ಎಂಬುದು ಇದರ ಪ್ರಸಿದ್ಧ ವ್ಯಾಖ್ಯಾನ, ಅದು ಸರಿಯೇ. ಆದರೆ ಪ್ರಭು ಆ ಕಥೆಗೆ ಆರಿಸಿಕೊಂಡ ಸಂದರ್ಭವನ್ನು ನಾವು ಅವಸರದಿಂದ ದಾಟಬಾರದು. ಸಂಜೆ ಐದರ ತನಕ ನಿಂತವರು ಸೋಮಾರಿಗಳಲ್ಲ. ಸೋಮಾರಿಯಾದವನು ಬಿಸಿಲು ಏರುವ ಮೊದಲೇ ಮನೆಗೆ ಹೋಗಿರುತ್ತಿದ್ದ. ಕರೆ ಬಂದೀತೆಂದು ಅವರು ದಿನವಿಡೀ ಕಾದವರು. ಯಜಮಾನನು ಅವರಿಗೂ ಒಂದು ದಿನದ ಪೂರ್ತಿ ಕೂಲಿಯನ್ನು ಕೊಟ್ಟ. ಒಂದು ಗಂಟೆಯ ದುಡಿಮೆಯಿಂದ ಎಷ್ಟು ಗೊಂಚಲು ಬಂತೆಂದು ಅಳೆಯಲಿಲ್ಲ. ಅವರ ಮನೆಯಲ್ಲಿಯೂ ರಾತ್ರಿ ಒಲೆ ಉರಿಯಬೇಕೆಂಬುದನ್ನು ನೋಡಿದ. ಉತ್ಪಾದನೆಯ ಲೆಕ್ಕವೊಂದನ್ನೇ ಬಲ್ಲ ಮೇಲ್ವಿಚಾರಕ ಯಂತ್ರವೊಂದು ಆ ತೋಟದಲ್ಲಿದ್ದಿದ್ದರೆ ಅದು ನಾಲ್ಕು ಸಲ ಸಂತೆಬೀದಿಗೆ ಮರಳಿ ಹೋಗುತ್ತಿತ್ತೇ? ಅದರ ಲೆಕ್ಕದಲ್ಲಿ ಬೆಳಗಿನ ಆಳುಗಳೇ ಸಾಕಾಗಿರುತ್ತಿದ್ದರು.

ಅಂತಹ ಮೇಲ್ವಿಚಾರಕ ಕಲ್ಪನೆಯಲ್ಲ. ನಮ್ಮ ನಗರಗಳಲ್ಲಿ ಊಟವನ್ನೂ ಸಾಮಾನನ್ನೂ ಮನೆಗೆ ತಲುಪಿಸುವ ಹುಡುಗರು ಅದರ ಕೈಕೆಳಗೇ ದುಡಿಯುತ್ತಾರೆ. ಯಾರಿಗೆ ಮುಂದಿನ ಕೆಲಸ, ಎಷ್ಟು ಕೂಲಿ, ಯಾರ ಹೆಸರನ್ನು ತೆಗೆದುಹಾಕಬೇಕು ಎಂಬುದನ್ನು ಮೊಬೈಲಿನೊಳಗಿನ ಲೆಕ್ಕಾಚಾರವೇ ತೀರ್ಮಾನಿಸುತ್ತದೆ; ಹೋಗಿ ಬೇಡಿಕೊಳ್ಳೋಣವೆಂದರೆ ಧಣಿಗೆ ಮುಖವೇ ಇಲ್ಲ. ಕರ್ನಾಟಕವು 2025ರಲ್ಲಿ ಇವರಿಗಾಗಿ ಒಂದು ಕಾಯಿದೆಯನ್ನು ಮಾಡಿತು. ಪ್ರತಿಯೊಂದು ವ್ಯವಹಾರದ ಮೇಲೆ ಶೇಕಡಾ 1ರಿಂದ 5ರ ತನಕ ಕಲ್ಯಾಣ ಶುಲ್ಕವನ್ನು ವಸೂಲು ಮಾಡಿ ನಿಧಿಯೊಂದನ್ನು ಕಟ್ಟುವುದಲ್ಲದೆ, ಯಂತ್ರ ಕೈಗೊಳ್ಳುವ ತೀರ್ಮಾನಗಳ ಬಗೆಗೆ ಕೆಲಸಗಾರನಿಗೆ ತಿಳಿಸಬೇಕೆಂದೂ ಅದು ಹೇಳುತ್ತದೆ. ಹದಿಮೂರನೆಯ ಲಿಯೋ ಇದ್ದಿದ್ದರೆ ಇದನ್ನು ಮೆಚ್ಚುತ್ತಿದ್ದರೆಂದು ನನ್ನ ಎಣಿಕೆ. ಯಂತ್ರದ ಹಿಂದೆ ಅಡಗಿರುವ ದುಡಿಮೆಗಾರರೂ ಇದ್ದಾರೆ. ಚಾಟ್ ಜಿಪಿಟಿಯ ಮಾತಿನಿಂದ ಹೊಲಸನ್ನು ತೆಗೆಯಲು, ಕ್ರೌರ್ಯದ, ಅಶ್ಲೀಲದ ಬರಹಗಳನ್ನು ದಿನವಿಡೀ ಓದಿ ಗುರುತು ಹಾಕಿದ ಕೆನ್ಯಾ ದೇಶದ ಯುವಕರ ಕೈಸೇರಿದ್ದು ಗಂಟೆಗೆ 2 ಡಾಲರಿಗಿಂತಲೂ ಕಡಿಮೆ ಎಂಬುದು 2023ರ ಜನವರಿಯಲ್ಲಿ ಪತ್ರಿಕೆಯ ಮೂಲಕ ಬೆಳಕಿಗೆ ಬಂತು. ಅಷ್ಟು ನಯವಾಗಿ ಮಾತನಾಡುವ ಯಂತ್ರದ ನಾಲಗೆಯನ್ನು ತೊಳೆದವರು ಅವರು.

1981ರ ಸೆಪ್ಟೆಂಬರ್ 14ರಂದು ಜಗದ್ಗುರು ಎರಡನೆಯ ಜಾನ್ ಪೌಲರು ‘ಲಾಬೊರೆಮ್ ಎಕ್ಸೆರ್ಚೆನ್ಸ್’ ಎಂಬ ವಿಶ್ವ ಪರಿಪತ್ರವನ್ನು ಬರೆದರು. ಯೌವನದಲ್ಲಿ ಕಲ್ಲಿನ ಗಣಿಯಲ್ಲಿಯೂ ರಾಸಾಯನಿಕ ಕಾರ್ಖಾನೆಯಲ್ಲಿಯೂ ದುಡಿದ ಕೈಗಳು ಬರೆದ ಪತ್ರ ಅದು. ದುಡಿಮೆಯ ಬೆಲೆಯನ್ನು ಅಳೆಯಬೇಕಾದದ್ದು ಅದರಿಂದ ಹೊರಬಂದ ವಸ್ತುವಿನಿಂದಲ್ಲ, ದುಡಿದವನು ಮನುಷ್ಯನೆಂಬುದರಿಂದ ಎಂದು ಅವರು ಕಲಿಸಿದರು. ತಂತ್ರವಿದ್ಯೆ ಮಾನವನ ಮಿತ್ರನೆಂದು ಒಪ್ಪಿ, ಅದೇ ಮಿತ್ರನು ಅವನ ಕೈಯಿಂದ ಕೆಲಸವನ್ನೂ ಕೆಲಸದ ತೃಪ್ತಿಯನ್ನೂ ಕಸಿದುಕೊಂಡಾಗ ಬಹುಮಟ್ಟಿಗೆ ಶತ್ರುವಾಗುತ್ತಾನೆಂದು ಎಚ್ಚರಿಸಿದರು. ಅದರಲ್ಲಿ ನನ್ನನ್ನು ಹೆಚ್ಚು ಕಾಡುವುದು ‘ಪರೋಕ್ಷ ಉದ್ಯೋಗದಾತ’ ಎಂಬ ವಿಚಾರ. ಸಂಬಳ ಕೊಡುವವನಷ್ಟೇ ಉದ್ಯೋಗದಾತನಲ್ಲ. ಸರ್ಕಾರ, ಸಂಘಸಂಸ್ಥೆಗಳು, ಕಾನೂನು, ರೂಢಿ – ಹೀಗೆ ಒಬ್ಬನಿಗೆ ಕೆಲಸ ದೊರೆಯುವ ಇಲ್ಲವೆ ದೊರೆಯದಿರುವ ಸ್ಥಿತಿಯನ್ನು ರೂಪಿಸುವ ಎಲ್ಲರೂ ಆ ಹೊಣೆಯಲ್ಲಿ ಭಾಗಿಗಳು.

ಆ ಮಾತಿನ ಪ್ರಕಾರ ನಮ್ಮ ಧರ್ಮಕೇಂದ್ರವೂ ಪರೋಕ್ಷ ಉದ್ಯೋಗದಾತನೇ. ಇಲ್ಲಿ ಮುದ್ರಣಾಲಯ ನಡೆಸುವವರಿದ್ದೀರಿ, ಲೆಕ್ಕಪರಿಶೋಧಕರಿದ್ದೀರಿ, ವಕೀಲರಿದ್ದೀರಿ, ಬೆಂಗಳೂರಿನ ಕಂಪನಿಗಳಲ್ಲಿ ನೇಮಕ ಮಾಡುವ ಸ್ಥಾನದಲ್ಲಿರುವ ನಮ್ಮ ಮಕ್ಕಳಿದ್ದಾರೆ. ಯಂತ್ರವನ್ನು ಬಳಸಬೇಡಿರೆಂದು ನಾನು ಹೇಳಲಾರೆ. ಹೇಳಿದರೂ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಬೇಡುವುದು ಇಷ್ಟೇ: ಯಂತ್ರದಿಂದ ಉಳಿತಾಯವಾದಾಗ ಅದರ ಒಂದು ಪಾಲಿನಲ್ಲಿ ಒಬ್ಬ ಹೊಸಬನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಂತ್ರ ಬರೆದ ಕರಡನ್ನು ಅವನಿಂದ ಪರೀಕ್ಷಿಸಿರಿ. ಅದರ ತಪ್ಪನ್ನು ಹುಡುಕುವುದೇ ಅವನ ಲೆಡ್ಜರಾಗಲಿ. ಕೆಲಸದಲ್ಲಿರುವ ಯುವಜನರಿಗೂ ಒಂದು ಮಾತು. ಸಂಘ ಕಟ್ಟುವುದು ಗಾರೆ ಕೆಲಸದವರಿಗೂ ಬಸ್ಸಿನವರಿಗೂ ಮಾತ್ರ ಸೇರಿದ್ದೆಂದು ಭಾವಿಸಬೇಡಿ. ಕರ್ನಾಟಕದಲ್ಲಿ ಮಾಹಿತಿ ತಂತ್ರಜ್ಞಾನದ ನೌಕರರ ಸಂಘ 2017ರಿಂದ ಇದೆ. 2023ರಲ್ಲಿ ಅಮೆರಿಕದ ಚಲನಚಿತ್ರ ಲೇಖಕರು 148 ದಿನ ಮುಷ್ಕರ ಹೂಡಿ, ಯಂತ್ರ ಬರೆದದ್ದನ್ನು ಲೇಖಕನ ಕೃತಿಯೆಂದು ಎಣಿಸಬಾರದು, ಯಂತ್ರವನ್ನು ಬಳಸಲೇಬೇಕೆಂದು ಲೇಖಕನನ್ನು ಒತ್ತಾಯಿಸಬಾರದು ಎಂಬ ನಿಬಂಧನೆಗಳನ್ನು ಒಪ್ಪಂದದಲ್ಲಿ ಬರೆಯಿಸಿಕೊಂಡರು. ಯಂತ್ರವನ್ನು ಅವರು ಒಡೆಯಲಿಲ್ಲ, ಅದಕ್ಕೆ ಶರತ್ತು ಹಾಕಿದರು. 1983ರಲ್ಲಿ ನಮ್ಮ ಬ್ಯಾಂಕ್ ನೌಕರರು ಮಾಡಿದ್ದೂ ಅದನ್ನೇ. ಈಗಿನ ಒಪ್ಪಂದಗಳಲ್ಲಿ ಇನ್ನೂ ಸೇರದವರಿಗೂ ಒಂದು ಕಲಮು ಇರಲಿ: ಪ್ರತಿವರ್ಷ ಇಷ್ಟು ಮಂದಿ ಹೊಸಬರನ್ನು ತೆಗೆದುಕೊಳ್ಳಬೇಕೆಂಬ ಕಲಮು.

ಕೊನೆಯದಾಗಿ ಗುರಿಕಾರರಲ್ಲಿ ಒಂದು ಬಿನ್ನಹ. ಶತಮಾನೋತ್ಸವದ ಪ್ರಯುಕ್ತ ತಾವು ಮನೆಮನೆಗೆ ಹೋಗಿ ಕುಟುಂಬಗಳ ವಿವರಗಳನ್ನು ಬರೆದುಕೊಂಡಿದ್ದೀರಿ. ಜ್ಞಾನಸ್ನಾನ, ದೃಢೀಕರಣ, ವಿವಾಹ ಎಲ್ಲಕ್ಕೂ ಅಂಕಣಗಳಿವೆ. ಉದ್ಯೋಗದ ಅಂಕಣವೂ ಇದೆ. ಅದರಲ್ಲಿ ಕೆಲಸವಿರುವವರ ಕೆಲಸವನ್ನು ಬರೆದು, ಇಲ್ಲದವರ ಮುಂದೆ ಒಂದು ಗೆರೆ ಎಳೆದಿದ್ದೀರಿ. ಆ ಗೆರೆಗಳನ್ನು ಎಣಿಸಬೇಕೆಂದು ಕೋರುತ್ತೇನೆ. ಅವುಗಳಲ್ಲಿ 20ರಿಂದ 30ರೊಳಗಿನವರ ಹೆಸರುಗಳನ್ನು ಬೇರೆಯಾಗಿ ಬರೆದು, ಏನು ಓದಿದ್ದಾರೆ, ಎಷ್ಟು ಕಾಲದಿಂದ ಕಾಯುತ್ತಿದ್ದಾರೆ, ಏನು ಕಲಿಯಬಯಸುತ್ತಾರೆ ಎಂದು ಅವರನ್ನೇ ಕೇಳಿ. ಕೆಲವರು ತಲೆ ತಗ್ಗಿಸಿ ಒಳಕೋಣೆಗೆ ಹೋಗಬಹುದು. ಇನ್ನೊಂದು ದಿನ ಮತ್ತೆ ಹೋಗಬೇಕಾದೀತು. ಗುರಿಕಾರರ ಮುಂದಿನ ಸಭೆ ಬರುವ ಭಾನುವಾರ ಎರಡನೆಯ ಬಲಿಪೂಜೆಯ ಬಳಿಕವೆಂದು ಕೇಳಿದ್ದೇನೆ. ಆ ದಿನವೇ ಈ ಪಟ್ಟಿಯನ್ನು ಆರಂಭಿಸಲು ವಂದನೀಯ ಪ್ರಧಾನ ಧರ್ಮಗುರುಗಳು ಅಪ್ಪಣೆ ಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಬರೆಯಲು ಕೈಗಳು ಸಾಲದಿದ್ದರೆ ನನ್ನದೊಂದಿದೆ.